ಹೊತ್ತು ಮುಳುಗೋದರೊಳಗ ಗುಳಿಗಿ

ತ್ರಿಶಲಾ, ಅಂಕಲಿ ಊರಿಗೆ, ನನ್ನ ತಂಗಿ, ನಿನ್ನ ಮಾವಶಿ ಮನೆಗೆ ಹೊಂಟೇನಿ, ನಾಳೆ ಬರ್ತೇನಿ.

ಕಪಾಟು ಒರಸುವಾಗ ನಿನ್ನ ಬಿ-ಟ್ವೆಲ್ವ್ ಗುಳಿಗಿ ಸಿಕ್ಕವು, ಒಂದೂ ತಗೊಂಡಿಲ್ಲ. ಕಾಲು ಜೋಮು ಹಿಡೀತಾವು ಅಂತ ದಿನಾ ಗೋಳಾಡ್ತಿ! ಸಿಟ್ಟು ಬಂತು. ಆಮೇಲೆ ಡಾಕ್ಟರ ಚೀಟಿ ಓದಿದೆ: "ರಾತ್ರಿ ಊಟದ ನಂತರ." ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣೋದೇ ಇಲ್ಲಲ್ಲ, ಹುಚ್ಚಿ!

ಡಾಕ್ಟರಿಗೆ ಫೋನ್ ಮಾಡಿದೆ. ನಕ್ಕರು. "ಸಂಜೀ ಊಟಾದ ಮೇಲೆ ತಗೊಳ್ಳಲಿ ಅಕ್ಕಾರ. ನಿಮ್ಮ ಕ್ಯಾಲ್ಸಿಯಂ ನಡದೈತೇನ್ರಿ?" ಅಂದರು. ನಂದೂ ಇದೇ ಕಾರಣಕ್ಕ ಎರಡು ತಿಂಗಳಿಂದ ಡಬ್ಬಿಯೊಳಗ ಐತಿ. ಡಬ್ಬಿ ತಗದು ಚೀಲಕ್ಕ ಹಾಕ್ಕೊಂಡೆ.

ಬುಟ್ಟಿಯೊಳಗ ರೊಟ್ಟಿ, ಹೆಸರುಕಾಳಿನ ಪಲ್ಯ ಅದಾವು. ಆರರೊಳಗ ಉಂಡು, ಗುಳಿಗಿ ನುಂಗಿ ಫೋನ್ ಮಾಡು. ನಾನೂ ಅಲ್ಲಿ ನುಂಗಿರ್ತೇನಿ. ಯಾರು ಯಾರಿಗೆ ಬೈಬೇಕು ಅನ್ನೋದನ್ನ ಆಮೇಲೆ ನೋಡೋಣ.

ಅವ್ವ