ಸರಕಾಗಿ ಹೋದ ಮಗಳು

ಮರುಬೇಸಿಗೆ ತಿಂಗಳ ಮೂವತ್ತೆಂಟನೆಯ ದಿನ, ೨೨೧೪
ಕಪ್ಪತಗುಡ್ಡ

ಕಾಲುನೋವಿನಿಂದ ನಿದ್ದೆಗೆಟ್ಟ, ಹಿಂದಿನ ಕಾಲದ ಹಿರಿಯರಿಗೆ,

ಈ ತಿಂಗಳು ನಿಮ್ಮ ಪಂಚಾಂಗದಲ್ಲಿ ಇರಲಾರದು. ಬೇಸಿಗೆ ವರ್ಷಕ್ಕೆ ಎರಡು ಸಲ ಬರತೊಡಗಿದ ಮೇಲೆ ಅದಕ್ಕೂ ಒಂದು ಹೆಸರಿಡಬೇಕಾಯಿತು. ನನ್ನ ಮಾತಿನಲ್ಲಿ ನಿಮಗೆ ಒಗ್ಗದ ಪದಗಳು ಬಂದರೆ ಮನ್ನಿಸಬೇಕು. ನೋವಿನ ಪದಗಳು ಮಾತ್ರ ನಿಮ್ಮವೇ. ಉರಿ, ಸೆಳೆತ, ಜೋಮು ಎಂಬುವಕ್ಕೆ ಬೇರೆ ಹೆಸರು ನಮಗೂ ಸಿಕ್ಕಿಲ್ಲ. ಬೆನ್ನಮೂಳೆಗಳ ನಡುವಿನ ಮೆತ್ತೆ ಜಾರಿ ಕಾಲಿಗೆ ಬೆಂಕಿ ಇಳಿದವರು ನಿಮ್ಮಲ್ಲೂ ಬಹಳ ಮಂದಿ ಇದ್ದರೆಂದು ಕೇಳಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ನಿಂತುಕೊಂಡೇ ಓದುತ್ತಿರಬಹುದು.

ನನ್ನ ಹೆಸರು ಪಂಪವ್ವ. ಗುಡ್ಡದ ಮೇಲೆ ಕರೆಂಟು ಹುಟ್ಟಿಸುವ ಗಾಳಿಕಂಬಗಳನ್ನು ಏರಿ ದುರಸ್ತಿ ಮಾಡುವುದು ನನ್ನ ಕೆಲಸ. ಬಿಸಿಲು ಬಲಿಯುವ ಮೊದಲೇ ನಾವು ಕೆಳಗಿಳಿದು ಹಗಲುಮನೆ ಸೇರುತ್ತೇವೆ. ಹಗಲುಮನೆಯೆಂದರೆ ಇಡೀ ಓಣಿಗೆ ಒಂದರಂತೆ ನೆಲದಡಿ ತೋಡಿದ ತಂಪಿನ ಪಡಸಾಲೆ. ಅಲ್ಲಿ ಎಲ್ಲರೂ ಚಾಪೆಯ ಮೇಲೆ ಒತ್ತಾಗಿ ಕೂತು ಬೇಳೆ ಆರಿಸುತ್ತಾರೆ, ಹರಿದದ್ದು ಹೊಲಿಯುತ್ತಾರೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ. ಸಂಜೆಯವರೆಗೆ ಹೊರಗೆ ಹೋಗುವಂತಿಲ್ಲ. ಕೂರಲು ಬರದವರಿಗೆ ಅಂಥ ಜಾಗ ಎಂಥದ್ದೆಂದು ನೀವೇ ಊಹಿಸಿಕೊಳ್ಳಿ.

ಕಂಬದ ತುದಿಯಲ್ಲಿ ಭಾರದ ಮುಚ್ಚಳವೊಂದನ್ನು ಮೈ ತಿರುಚಿ ಎತ್ತಿದಾಗ ನನ್ನ ಸೊಂಟ ಹಿಡಿಯಿತು. ಸೊಂಟದ ನೋವು ಬೇಗನೆ ತಗ್ಗಿತು. ಅದರ ಬದಲು ಎಡಪಿರ್ರೆಯಿಂದ ತೊಡೆಯ ಹಿಂಭಾಗಕ್ಕೆ, ಮೀನಖಂಡಕ್ಕೆ, ಕಿರುಬೆರಳಿನವರೆಗೆ ಒಂದು ಉರಿ ಇಳಿಯಿತು. ಕೂತರೆ ಕಾದ ಕಬ್ಬಿಣ, ಮಲಗಿದರೆ ಸೆಳೆತ. ನಿಂತರೆ ಸ್ವಲ್ಪ ಹೊತ್ತು ಪರವಾಗಿಲ್ಲ, ಆಮೇಲೆ ಅದೂ ಇಲ್ಲ. ನಡೆಯುವುದೊಂದೇ ಉಳಿಯಿತು. ಹಗಲುಮನೆಯಲ್ಲಿ ಜನರ ಮಂಡಿಗಳನ್ನು ದಾಟುತ್ತ, ಬೇಳೆಯ ಮೊರಗಳನ್ನು ಸುತ್ತಿ ಹಾಯುತ್ತ ಅಡ್ಡಾಡಿದೆ. ರೊಟ್ಟಿಯನ್ನು ನಡೆಯುತ್ತಲೇ ತಿಂದೆ. ನನ್ನನ್ನು ನೋಡಿಯೇ ತಲೆ ಸುತ್ತುತ್ತದೆಂದು ನೆರೆಯವರು ಗೊಣಗಿದರು.

ನನ್ನ ಗಂಡ ಫಕ್ಕೀರೇಶ ನಡೆಗಾತಿ ಜುಬೇದಾಳನ್ನು ಕರೆತಂದ. ಮೈಯ ಚಲನೆಯನ್ನು ತಿದ್ದುವವರನ್ನು ನಾವು ಹಾಗೆ ಕರೆಯುತ್ತೇವೆ. ಅವಳು ಮೈಯೊಳಗು ಕಾಣಿಸುವ ಮೈಗನ್ನಡಿ ಹಿಡಿದು, ಉಬ್ಬಿದ ಮೆತ್ತೆ ನರವನ್ನು ಒತ್ತಿರುವುದನ್ನು ನಮಗಿಬ್ಬರಿಗೂ ತೋರಿಸಿದಳು. ಇಷ್ಟು ಕಾಣುವಾಗ ಕೊಯ್ದು ತೆಗೆಯಬಾರದೇಕೆ ಎಂದು ಫಕ್ಕೀರೇಶ ಹಟ ಹಿಡಿದ. ಬಹಳ ಮಂದಿಗೆ ಅದು ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ತಾನೇ ಕುಗ್ಗುತ್ತದೆ, ಹಾಸಿಗೆ ಹಿಡಿಯದೆ ಸ್ವಲ್ಪಸ್ವಲ್ಪವಾಗಿ ನಡೆಯುತ್ತಿರಬೇಕು ಎಂದಳು ಜುಬೇದಾ. ಬೋರಲಾಗಿ ಮಲಗಿ ಮೊಣಕೈ ಮೇಲೆ ಎದೆ ಎತ್ತುವುದನ್ನು ಕಲಿಸಿದಳು. ಉರಿ ಪಾದ ಬಿಟ್ಟು ಮೇಲಕ್ಕೆ ಸರಿದರೆ ಅದು ಒಳ್ಳೆಯ ಗುರುತು. ಆದರೆ ಪಾದ ಎತ್ತಲಾಗದೆ ಎಳೆದರೆ, ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗಕ್ಕೆ ಜೋಮು ಹಿಡಿದರೆ, ಒಂದು ಗಳಿಗೆಯೂ ಕಾಯಬೇಡಿ ಎಂದಳು. ಈ ಮಾತನ್ನು ನೀವೂ ನೆನಪಿಡಿ.

ನಾನು ಹೀಗೆ ಸುತ್ತುತ್ತಿರುವಾಗ ಗಜೇಂದ್ರಗಡದಿಂದ ಅಕ್ಕ ಈರವ್ವ ಹೇಳಿಕಳಿಸಿದಳು. ಅವ್ವನ ಉಸಿರು ಕುಂದುತ್ತಿದೆ, ನಿನ್ನನ್ನೇ ಕೇಳುತ್ತಿದ್ದಾಳೆ, ಬೇಗ ಬಾ ಎಂದು. ನಮ್ಮ ಬಂಡಿಗಳಿಗೆ ಸಾರಥಿಯಿಲ್ಲ. ಪ್ರಯಾಣಿಕರೆಲ್ಲ ಕೂತು ಪಟ್ಟಿ ಬಿಗಿದುಕೊಳ್ಳುವವರೆಗೆ ಅವು ಕದಲುವುದಿಲ್ಲ. ನಾನು ಕೂತೆ, ಕಿರುಚಿ ಎದ್ದೆ, ಬಂಡಿ ನಿಂತಿತು. ಮತ್ತೆ ಕೂತೆ, ಮತ್ತೆ ನಿಂತಿತು. ಒಳಗಿದ್ದವರಿಗೂ ಊರು ಸೇರಬೇಕಿತ್ತು. ನಾನೇ ಇಳಿದೆ. ಅವ್ವ ಅಲ್ಲಿ, ನಾನಿಲ್ಲಿ, ನಡುವೆ ಒಂದು ಕುರ್ಚಿ. ಬೇಡಿಕೊಳ್ಳೋಣವೆಂದರೆ ಬಂಡಿ ನಡೆಸುವ ಮನುಷ್ಯರೇ ಇಲ್ಲ.

ರಸ್ತೆಯ ಬದಿಯಲ್ಲಿ ನಾನು ಹಿಂದೆ ಮುಂದೆ ಸುತ್ತುತ್ತಿದ್ದುದನ್ನು ಫಕ್ಕೀರೇಶ ನೋಡುತ್ತ ನಿಂತಿದ್ದ.

"ಸರಕಿನ ಬಂಡಿಗೆ ಕುರ್ಚಿ ಇರೂದಿಲ್ಲಲ್ಲ," ಎಂದ. "ಸರಕಾಗಿ ಹೋಗ್ತೀಯೇನು?"

ಶೇಂಗಾ ಮೂಟೆಗಳ ನಡುವೆ ಅವನು ಕೌದಿ ಹಾಸಿದ. ನಾನು ಬೋರಲಾಗಿ ಮಲಗಿದೆ. ಬಂಡಿ ನಮ್ಮಿಬ್ಬರನ್ನೂ ತೂಗಿ, ಮೂಟೆಗಳ ಲೆಕ್ಕಕ್ಕೆ ಸೇರಿಸಿಕೊಂಡು ಹೊರಟಿತು. ಪ್ರತಿ ತಗ್ಗಿಗೂ ಉರಿ ಪಾದದವರೆಗೆ ಹೊಡೆಯುತ್ತಿತ್ತು. ಅವನು ನನ್ನ ಕಾಲು ಹಿಡಿದುಕೊಂಡು, ಮೂಟೆಗೆ ಒರಗಿ, ದಾರಿಯುದ್ದಕ್ಕೂ ಯಾವ ಊರು ಬಂತೆಂದು ಹೇಳುತ್ತಿದ್ದ. ಅವ್ವ ಉಳಿದಿದ್ದಾಳೋ ಇಲ್ಲವೋ ಎಂದುಕೊಳ್ಳುತ್ತ ನಾನು ಆ ಊರುಗಳನ್ನು ಎಣಿಸುತ್ತಿದ್ದೆ.

ಅವ್ವ ಇದ್ದಳು. ಜೀವಮಾನವೆಲ್ಲ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವಳು ನಮ್ಮವ್ವ ಶಂಕ್ರವ್ವ. ಕಣ್ಣು ಪೂರ್ತಿ ಮಂಜಾಗಿತ್ತು. ಕೈ ಹಿಡಿದು ಪಕ್ಕದಲ್ಲಿ ಕೂರಬೇಕೆಂದು ಅಷ್ಟು ದೂರ ಬಂದವಳು ನಾನು. ಕೂತೆ, ಹಲ್ಲು ಕಚ್ಚಿದೆ, ಎದ್ದುಬಿಟ್ಟೆ. ಮತ್ತೆ ಕೂರಲು ನೋಡಿದಾಗ ಅವಳೇ ನನ್ನ ಕೈ ಸಡಿಲಿಸಿದಳು.

"ಕೂಡು ಅನ್ನೂದಿಲ್ಲವ್ವಾ. ಅಡ್ಡಾಡು. ಹೆಜ್ಜಿ ಸಪ್ಪಳ ಕೇಳಿದ್ರ ನೀ ಇದ್ದೀಯಂತ ಗೊತ್ತಾಗತೈತಿ."

ಹಾಗಾಗಿ ಅಡ್ಡಾಡಿದೆ. ಮಂಚದ ಈ ತುದಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮಂಚಕ್ಕೆ. ಸುಸ್ತಾಗಿ ನೆಲದ ಮೇಲೆ ಬೋರಲಾದರೆ ಅವಳು ಪಂಪೀ ಎಂದು ಕೂಗುತ್ತಿದ್ದಳು, ನಾನು ಮತ್ತೆ ಏಳುತ್ತಿದ್ದೆ. ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ಈರವ್ವ ಬಂದು ನನ್ನ ಭುಜ ಮುಟ್ಟಿದಳು. ಅವ್ವ ಹೋಗಿದ್ದಳು. ನಾನು ನಿಲ್ಲಲಿಲ್ಲ. ಬಾಗಿಲವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಅಕ್ಕನೂ ನನ್ನ ತೋಳು ಹಿಡಿದು ಜೊತೆಗೆ ನಡೆದಳು.

ಉರಿ ನಿಧಾನವಾಗಿ ಮೇಲೆ ಸರಿಯಿತು. ಮೊದಲು ಪಾದ ಬಿಟ್ಟಿತು, ಆಮೇಲೆ ಮೀನಖಂಡ. ತೊಡೆಯಲ್ಲಿ ಬಹಳ ಕಾಲ ಕೂತಿತ್ತು. ಈಗ ಕಂಬ ಹತ್ತುತ್ತೇನೆ, ಭಾರವನ್ನು ಇನ್ನೊಬ್ಬರ ಜೊತೆ ಎತ್ತುತ್ತೇನೆ. ಕಿರುಬೆರಳು ಇನ್ನೂ ಜೋಮು. ಮನಸ್ಸಿಗೆ ಹತ್ತಿದ ಚಡಪಡಿಕೆಯಂತೂ ಹೋಗಿಲ್ಲ, ಈ ಕಾಗದವನ್ನು ಎಷ್ಟು ಸಲ ಎದ್ದು ಬರೆದೆನೋ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನೋವು ಇಳಿಯಲಿ, ಆಮೇಲೆ ಹೋಗೋಣ ಎಂದು ಯಾರನ್ನೂ ಕಾಯಿಸಬೇಡಿ. ನೋವು ಇಳಿಯಬಹುದು, ಅಷ್ಟರಲ್ಲಿ ಅವರು ಇರಲಿಕ್ಕಿಲ್ಲ. ಮಲಗಿಕೊಂಡಾದರೂ ಹೋಗಿ, ಕುಂಟಿಕೊಂಡಾದರೂ ಹೋಗಿ.

ನಿಮ್ಮ ಮುಂದಿನವಳು,
ಪಂಪವ್ವ