ಎಲ್ಡರ್‌ಬೆರಿ ತಾಳ

ಅಣ್ಣಾ,

ನಮ್ಮಲ್ಲಿ ಸತ್ತವರ ಹೆಸರು ಹಿಡಿಯಬಾರದಲ್ಲ, ಅದಕ್ಕೆ ಬರೀ ಅಣ್ಣಾ ಅಂತಲೇ ಬರೀತೀನಿ.

ನೀನು ಹೋದಮೇಲೆ ನಮ್ಮ ಸಿಯೆರಾ ಬೆಟ್ಟದ ಕಾಡಿಗೆ ಬೆಂಕಿ ಬಿತ್ತು. ಸುಟ್ಟ ಎಲ್ಡರ್‌ಬೆರಿ ಗಿಡದ ಬುಡದಿಂದ ಈಗ ಹೊಸ ಕೋಲು ಎದ್ದಿವೆ, ನೀನು ಹುಡುಕಿ ಹುಡುಕಿ ಸೋತಂಥ ನೆಟ್ಟನೆ ಕೋಲು. ಇವತ್ತು ಒಂದನ್ನು ಕಡಿದು, ಸೀಳಿ, ಒಳಗಿನ ಬೆಂಡು ಕೆರೆದು, ಹಾಡಿಗೆ ಬಡಿಯೋ ತಾಳದ ಕೋಲು ಮಾಡಿದೆ. ನಿನ್ನದನ್ನು ನಮ್ಮ ಪದ್ಧತಿಯಂತೆ ನಿನ್ನ ಬಟ್ಟೆಗಳ ಜತೆ ಸುಟ್ಟಿದ್ದೆವಲ್ಲ.

ವೆಲ್ಡಾ ಅತ್ತೆ ಅದನ್ನು ಅಂಗೈಗೆ ಬಡಿದು ನೋಡಿದಳು. "ಪರವಾಗಿಲ್ವೋ, ಚೆನ್ನಾಗಿ ನುಡಿಯುತ್ತೆ. ಹೂಂ, ಹಾಡು."

ನನಗೆ ನಿನ್ನ ಒಂದು ಹಾಡೂ ಬಾರದು.

"ನಿಮ್ಮಣ್ಣ ಹಾಡ್ತಿದ್ದಾಗೆಲ್ಲ ನೀನೆಲ್ಲಿದ್ಯೋ?"

"ಅವನು ಬೇಗ ಹೊರಡಲಿ ಅಂತ ಹೊರಗೆ ಟ್ರಕ್‌ನಲ್ಲಿ ಕೂತು ಹಾರ್ನ್ ಹೊಡೀತಿದ್ದೆ, ಅತ್ತೆ."

ಅವಳು ಬೈಯಲಿಲ್ಲ. ಅವಳಿಗೂ ಹಾಡು ಬಾರದು. ತಾಳ ಮಾತ್ರ ಹಾಕುತ್ತಲೇ ಇದ್ದಳು. ಯಾರಾದರೂ ಹಾಡು ಎತ್ತಿಕೊಳ್ಳಲಿ ಅಂತ ಇಬ್ಬರೂ ಕಾಯುತ್ತಿದ್ದೆವು.