ಉಪವಾಸ ಎಂದು ಎದ್ದುಹೋದ ಉಪದೇಶಿ ಕಾಕಾರಿಗೆ

ಪ್ರೀತಿಯ ಉಪದೇಶಿ ಕಾಕಾ,

‘ಪ್ರೀತಿಯ’ ಅಂತ ಬರೆದ ಮೇಲೆ ಪೆನ್ನು ನಿಂತುಬಿಟ್ಟಿತು. ಹೊಡೆದುಹಾಕಲೇ ಅಂದುಕೊಂಡೆ. ಆದರೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ನೀವೇ ಅಲ್ಲವೇ, ಇರಲಿ ಅಂತ ಬಿಟ್ಟೆ. ನೀವು ತೀರಿಕೊಂಡು ವರ್ಷ ತುಂಬಿತು. ಈ ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ನಿಮ್ಮ ನೆನಪಿನ ಆರಾಧನೆ ನಡೆಯಿತು. ಅಲ್ಲಿ ನಿಮ್ಮ ಬಗ್ಗೆ ಮಾತಾಡಿದವಳು ನಾನು. ಏನು ಮಾತಾಡಿದೆ ಅಂತ ನಿಮಗೆ ನಾನೇ ಹೇಳಬೇಕು. ಬದುಕಿದ್ದಾಗ ಎದುರಿಗೆ ಹೇಳಬೇಕಾದದ್ದನ್ನು ಸತ್ತ ಮೇಲೆ ಕಾಗದದಲ್ಲಿ ಬರೆಯುವುದು ಹೇಡಿತನ. ಗೊತ್ತಿದೆ. ಆದರೂ ಓದಿರಿ.

ಬೇವಿನ ಮರದ ಕೆಳಗೆ ನೀವು ನಮಗೆ ಪಾಠ ಹೇಳುತ್ತಿದ್ದ ಭಾನುವಾರದ ಮಧ್ಯಾಹ್ನಗಳು ನೆನಪಿವೆಯೇ? ಕೆಳಗಿನ ಓಣಿಯ ನಾವು ಆರೇಳು ಮಕ್ಕಳು. ಯಾವಾಗಲೂ ಯೇಸುವಿನ ಶಿಷ್ಯರ, ಆ ಅಪೊಸ್ತಲರ ಕತೆಯೇ. ಅರಸರ ಕತೆ ಹೇಳಿರಿ ಅಂತ ಪೀಡಿಸಿದರೆ, “ಅರಸರ ಕತಿ ಶಾಲ್ಯಾಗ ಕೇಳ್ರಿ. ಇಲ್ಲಿ ಕೈ ಮಾಸಿದವರ ಕತಿ ಅಷ್ಟ” ಅನ್ನುತ್ತಿದ್ದಿರಿ. ಒಂದು ದಿನ ಮೇಲಿನ ಓಣಿಯ ಹುಡುಗಿಯೊಬ್ಬಳು ನನ್ನ ಕೈಗೆ ಚರ್ಮದ ವಾಸನೆ ಇದೆ ಅಂತ ಮೂಗು ಮುಚ್ಚಿಕೊಂಡಳು. ನಾನು ಅಳುತ್ತ ನಿಂತಿದ್ದೆ. ನೀವು ನನ್ನ ಕೈ ತೆಗೆದುಕೊಂಡು ಎಲ್ಲರ ಮುಂದೆ ಮೂಸಿದಿರಿ. “ಪೇತ್ರನ ಕೈಗೆ ಮೀನಿನ ವಾಸನಿ ಇತ್ತು. ಸಾಯೂತನ ಹೋಗಲಿಲ್ಲ. ನೀನೂ ಭಾಳ ತೊಳೀಬ್ಯಾಡ” ಅಂದಿರಿ. ಆ ದಿನ ನೀವು ಹೇಳಿದ್ದರೆ ನಾನು ಬಾವಿಗೂ ಹಾರುತ್ತಿದ್ದೆ ಕಾಕಾ.

ನಮ್ಮಪ್ಪ ಸಂಶಿಯ ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತ ಕೂತಿದ್ದಾಗ ನೀವು ಬಾಜುಕ್ಕೆ ಬಂದು ನೆಲದ ಮೇಲೆಯೇ ಕೂತಿರಂತೆ. ಪೇತ್ರ ಒಂದು ಊರಿಗೆ ಹೋದಾಗ ದೊಡ್ಡವರ ಮನೆ ಬಿಟ್ಟು ಚರ್ಮ ಹದ ಮಾಡುವವನ ಮನೆಯಲ್ಲಿ ಬಹಳ ದಿನ ಇಳಿದುಕೊಂಡಿದ್ದ ಎಂಬ ಕತೆ ಹೇಳಿದಿರಂತೆ. ಅಪ್ಪ ಉಳಿ ಕೆಳಗಿಟ್ಟು, “ಖರೇನ? ಅಲ್ಲೇ ಉಂಡನೇನ್ರಿ?” ಅಂತ ಎರಡೆರಡು ಸಲ ಕೇಳಿದರಂತೆ. ನಮ್ಮ ಮನೆ ಕ್ರೈಸ್ತ ಸಭೆಗೆ ಸೇರಿದ್ದು ಆ ಒಂದು ಕತೆಯಿಂದ. ಪಾಪ ಪುಣ್ಯ, ಸ್ವರ್ಗ ನರಕ, ಅದೆಲ್ಲ ಆಮೇಲೆ. ಅಲ್ಲೇ ಉಂಡ ಅನ್ನುವುದೇ ಅಪ್ಪನಿಗೆ ಸುವಾರ್ತೆ. ಅವ್ವನಿಗೆ ದೀಕ್ಷಾಸ್ನಾನ ಕೊಡಿಸುವಾಗ ಯಲ್ಲವ್ವ ಹೋಗಿ ಮಾರ್ತವ್ವ ಆದಳು. ಮನೆಗೆ ಬಂದವರಿಗೆಲ್ಲ ಉಣಬಡಿಸಿದವಳ ಹೆಸರು ಅದು ಅಂತ ನೀವೇ ಆರಿಸಿ ಇಟ್ಟಿದ್ದು.

ನೀವೂ ನಮ್ಮ ಮನೆಯಲ್ಲಿ ಉಂಡಿರಿ. ಅದನ್ನು ಇಲ್ಲ ಅನ್ನುವಷ್ಟು ಕೃತಘ್ನಳಲ್ಲ ನಾನು. ಬುಧವಾರ, ಗುರುವಾರ, ಎರೆಹೊಲದ ಕೆಸರು ಮೆತ್ತಿದ ಕಾಲಲ್ಲೇ ಬಂದು, “ಮಾರ್ತವ್ವಾ, ಹಸದೇನಿ” ಅನ್ನುತ್ತಿದ್ದಿರಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಏನಿದ್ದರೆ ಅದು. ಬೆರಳು ನೆಕ್ಕುತ್ತಿದ್ದಿರಿ. ನೀವು ವಾರದ ನಡುವೆಯೇ ಯಾಕೆ ಬರುತ್ತೀರಿ, ಹಿತ್ತಲ ಕಡೆಗೆ ಮುಖ ಮಾಡಿಯೇ ಯಾಕೆ ಕೂಡುತ್ತೀರಿ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಉಣ್ಣುವವರ ಮುಖ ನೋಡುವುದರಲ್ಲೇ ನಮ್ಮ ಹೊಟ್ಟೆ ತುಂಬುತ್ತಿತ್ತು.

ಆಮೇಲೆ ಆ ಭಾನುವಾರ. ಎಂಟು ವರ್ಷದ ಹಿಂದೆ, ನಾನು ಹತ್ತನೇ ಇಯತ್ತೆ ಮುಗಿಸಿದ ವರ್ಷ. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕೊಡುವ ಪ್ರಭುವಿನ ಭೋಜನವನ್ನು, ಆ ರೊಟ್ಟಿಯ ತುಣುಕನ್ನು, ದೊಡ್ಡವರ ಸಾಲಿನಲ್ಲಿ ನಿಂತು ನಾನು ಮೊದಲ ಸಲ ತೆಗೆದುಕೊಂಡ ದಿನ. ಆ ದಿನ ಉಪದೇಶಿಗಳು ಮಧ್ಯಾಹ್ನದ ಹಬ್ಬದೂಟವನ್ನು ನಮ್ಮ ಮನೆಯಲ್ಲೇ ಉಣ್ಣಬೇಕು ಅಂತ ಅವ್ವನ ಆಸೆ. ಯಾರೂ ಹೆಸರಿಡಬಾರದು ಅಂತ ಮಾಂಸ ಮಾಡದೆ ಬರೀ ಹೋಳಿಗೆ, ಕಟ್ಟಿನ ಸಾರು. ಸಂತೆಯಿಂದ ತಂದ ಹೊಸ ತಾಟು. ನೀವು ಬಂದಿರಿ, ಕೂತಿರಿ, ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಮಾಡಿದಿರಿ. ಕಣ್ಣು ತೆರೆದರೆ ಬಾಗಿಲಲ್ಲಿ ಪ್ರಸನ್ನಪ್ಪ ಹಿರಿಯರು. ಸಭೆಯ ಯಜಮಾನಿಕೆ ಅವರದು. ಅವರ ಅಜ್ಜ ಗೌಡಕಿಯ ಮನೆಯಿಂದ ಸಭೆಗೆ ಬಂದವರು. ಹಳೆಯ ದೇವರನ್ನು ಬಿಟ್ಟರು, ಹಳೆಯ ಅಡುಗೆಮನೆಯನ್ನು ಬಿಡಲಿಲ್ಲ.

“ಉಪದೇಶಿಗಳು ಇಲ್ಲಿ ಅದಾರೇನು?” ಅಂದರು ಅವರು, ಹೊಸ್ತಿಲ ಆಚೆಯೇ ನಿಂತು. “ಧಾರವಾಡದಿಂದ ಹಿರೇರು ಬಂದಾರ. ಊಟಕ್ಕ ನಿಮ್ಮ ಹಾದಿ ಕಾಯಾಕತ್ತಾರ.”

ನಿಮ್ಮ ಕೈ ಹೋಳಿಗೆಯಿಂದ ಒಂದು ಗೇಣು ಮೇಲಿತ್ತು. ಅಲ್ಲೇ ನಿಂತಿತು. “ನಾ ಇಲ್ಲಿ ಉಣ್ಣಾಕ ಬಂದಿಲ್ರಿ ಹಿರಿಯರ,” ಅಂದಿರಿ. ಆಮೇಲೆ ಅವ್ವನ ಕಡೆ ತಿರುಗಿ, “ಮಾರ್ತವ್ವಾ, ತಪ್ಪ ತಿಳೀಬ್ಯಾಡ. ಇವತ್ತ ನಂದು ಉಪವಾಸ. ಮರತ ಕುಂತಿದ್ದೆ.” ಮರೆತಿದ್ದಿರಂತೆ! ಊಟಕ್ಕೆ ಪ್ರಾರ್ಥನೆ ಮಾಡಿದ ಬಾಯಿಗೆ ಉಪವಾಸ ಮರೆತಿತ್ತಂತೆ! ಚಪ್ಪಲಿ ಮೆಟ್ಟಿಕೊಂಡು ಹೋದಿರಿ. ಆ ಚಪ್ಪಲಿಯನ್ನು ಹೊಲಿದುಕೊಟ್ಟವರು ಅಪ್ಪ.

ಅವ್ವ ನಿಮ್ಮನ್ನು ನಂಬಿದಳು. ಪೂರ್ತಿ ನಂಬಿದಳು. “ಅಯ್ಯ, ದೇವರ ಮನಷಾನ ಉಪಾಸ ಕೆಡಸ್ತಿದ್ನಲ್ಲ” ಅಂತ ಗಲ್ಲ ಬಡಿದುಕೊಂಡಳು. ಸಂಜೆ ಉಪವಾಸ ಬಿಡುವಾಗ ಬೇಕಾಗುತ್ತವೆ ಅಂತ ಆರು ಬಾಳೆಹಣ್ಣು ಕೊಟ್ಟು ನನ್ನನ್ನು ಹಿರಿಯರ ಮನೆಗೆ ಕಳಿಸಿದಳು. ನಾನು ಹೋದೆ. ಪಡಸಾಲೆಯ ಬಾಗಿಲು ತೆರೆದಿತ್ತು. ಸಾಲಾಗಿ ಮಣೆ, ಬಾಳೆಎಲೆ. ನಾಲ್ಕನೆಯವರು ನೀವು. ಕೈಯಲ್ಲಿ ಕಡುಬು. ನೀವು ನನ್ನನ್ನು ನೋಡಿದಿರಿ ಕಾಕಾ. ನೋಡಲಿಲ್ಲ ಅಂತ ಅಲ್ಲಿ ದೇವರ ಮುಂದೆಯೂ ಹೇಳಬೇಡಿರಿ. ನೋಡಿ, ತಲೆ ಬಗ್ಗಿಸಿ, ಕಡುಬನ್ನು ಮುರಿದು ತುಪ್ಪದಲ್ಲಿ ಅದ್ದಿದಿರಿ. ನಾನು ಹಣ್ಣನ್ನು ಕಟ್ಟೆಯ ಮೇಲಿಟ್ಟು ಮನೆಗೆ ಬಂದೆ. “ಕೊಟ್ಯಾ?” ಅಂದಳು ಅವ್ವ. “ಕೊಟ್ಟೆ” ಅಂದೆ. ಅಷ್ಟೇ ಅಂದೆ.

ಮುಂದಿನ ತಿಂಗಳು, ಮತ್ತೆ ಮೊದಲ ಭಾನುವಾರ, ಅವ್ವ ಒಲೆಯನ್ನೇ ಹಚ್ಚಲಿಲ್ಲ. ನೀವು ಎದ್ದುಹೋದದ್ದನ್ನು ಅವಳು ತಿಂಗಳಿಡೀ ಮನಸ್ಸಿನಲ್ಲಿ ಉರುಳಿಸಿ ಅದಕ್ಕೊಂದು ಅರ್ಥ ಕಟ್ಟಿಕೊಂಡಿದ್ದಳು. ಪ್ರಭುವಿನ ರೊಟ್ಟಿ ತಿಂದ ದಿನ ಬೇರೆ ಅನ್ನ ಮುಟ್ಟಬಾರದು, ಉಪದೇಶಿಗಳು ಅದಕ್ಕೇ ಎದ್ದುಹೋದರು, ನಮಗೆ ಯಾರೂ ತಿಳಿಸಿ ಹೇಳಿರಲಿಲ್ಲ, ಅಷ್ಟೇ. ಅಂದಿನಿಂದ ತಿಂಗಳ ಮೊದಲ ಭಾನುವಾರ ಚರ್ಚಿನಿಂದ ಬಂದವಳು ಮಾರನೆಯ ದಿನ ಬೆಳಗಿನ ತನಕ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಓಣಿಯ ಇನ್ನೂ ಮೂವರು ಹೆಂಗಸರು ಅವಳನ್ನು ನೋಡಿ ಹಿಡಿದರು. ನಾನು ಹಿಂದಿನ ದಿನದ ರೊಟ್ಟಿ ಉಣ್ಣುವಾಗ ಎದುರಿಗೆ ಕೂತು, “ನೀ ಉಣ್ಣವ್ವಾ, ನಿನಗ ಕಲಿಯೂದು ಐತಿ” ಅನ್ನುತ್ತಿದ್ದಳು. ಆ ತುತ್ತು ನನಗೆ ಹೇಗೆ ಇಳಿಯುತ್ತಿತ್ತು? ಇಳಿಯುತ್ತಿತ್ತು ಕಾಕಾ. ಅದೇ ಅಸಹ್ಯ.

ಒಂದು ಸೋಮವಾರ ಅವ್ವ ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುತ್ತ ತಲೆ ತಿರುಗಿ ಬಿದ್ದಳು. ಕುಂದಗೋಳದ ದವಾಖಾನೆಯಲ್ಲಿ ಮೂರು ದಿನ ಇಟ್ಟುಕೊಂಡರು. ನೀವು ನೋಡಲು ಬಂದಿರಿ. ಯಾವ ಉಪವಾಸದಿಂದ ಬಿದ್ದಳು, ಅದು ಯಾರಿಂದ ಶುರುವಾದದ್ದು, ಎಲ್ಲ ನಿಮಗೆ ಗೊತ್ತಿತ್ತು. ಓಣಿಗೆಲ್ಲ ಗೊತ್ತಿದ್ದ ಮಾತು ಅದು. ಮಂಚದ ಬಾಜು ನಿಂತು, “ದೊಡ್ಡ ವಿಶ್ವಾಸ ಮಾರ್ತವ್ವಾ ನಿಂದು” ಅಂದಿರಿ. ಮುಂದಿನ ಭಾನುವಾರ ಪ್ರಸಂಗದಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ಅಪೊಸ್ತಲರ ಕಾಲದ ವಿಶ್ವಾಸ ಇನ್ನೂ ಸತ್ತಿಲ್ಲ, ಬೇಕಾದರೆ ಈ ತಾಯಿಯನ್ನು ನೋಡಿ ಕಲಿಯಿರಿ ಅಂದಿರಿ. ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು, ಸಂತೋಷಕ್ಕೆ. ಒಂದು ಸುಳ್ಳಿನಿಂದ ಇಷ್ಟು ಫಸಲು ತೆಗೆದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಧಾರವಾಡದಲ್ಲಿ ಮಾಸ್ತರಕಿ ತರಬೇತಿಗೆ ಹೋದಾಗ, ಒಂದು ಮಳೆಯ ಮಧ್ಯಾಹ್ನ ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ಬೈಬಲ್ ಓದುತ್ತಿದ್ದೆ. ಆಗ ಸಿಕ್ಕಿತು ನೀವು ನಮಗೆ ಯಾವತ್ತೂ ಓದಿಸದ ಆ ಸಂಗತಿ. ಅಂತಿಯೋಕ್ಯ ಎಂಬ ಊರಿನಲ್ಲಿ ಪೇತ್ರ ತನ್ನ ಜನರಲ್ಲದ ಹೊರಗಿನವರ ಜೊತೆ ಕೂತು ಉಣ್ಣುತ್ತಿದ್ದನಂತೆ. ಯೆರೂಸಲೇಮಿನಿಂದ ತನ್ನ ಕಡೆಯ ದೊಡ್ಡವರು ಬಂದಕೂಡಲೇ ಅವರಿಗೆ ಹೆದರಿ ಹಿಂದೆ ಸರಿದನಂತೆ. ಆಗ ಇನ್ನೊಬ್ಬ ಅಪೊಸ್ತಲ ಪೌಲ ಅವನ ಎದುರಿಗೇ, ಎಲ್ಲರ ಮುಂದೆ, ನೀನು ಮಾಡಿದ್ದು ತಪ್ಪು ಅಂದನಂತೆ. ನಾನು ಪುಸ್ತಕ ಮುಚ್ಚಿದೆ. ಅಪೊಸ್ತಲರ ಜೈಲು, ಚಾಟಿ, ಹಡಗು ಒಡೆದದ್ದು, ಎಲ್ಲ ಹೇಳಿದ ನೀವು ಇದನ್ನು ಯಾಕೆ ಬಿಟ್ಟಿರಿ? ಓದುವಾಗ ನಿಮ್ಮ ಬೆರಳು ಆ ಸಾಲಿನ ಮೇಲೆ ಒಮ್ಮೆಯೂ ನಿಲ್ಲಲಿಲ್ಲವೇ?

ಪೇತ್ರನಿಗೆ ಎದುರಿಗೆ ಹೇಳಲು ಒಬ್ಬನಿದ್ದ. ನಿಮಗೆ ನಾನಿದ್ದೆ. ನಾನು ಹೇಳಲಿಲ್ಲ. ಆ ತರಬೇತಿಗೆ ಶಿಫಾರಸಿನ ಚೀಟಿ ಬರೆದುಕೊಟ್ಟವರು ನೀವು. ಸಭೆಯ ಶಾಲೆಯಲ್ಲಿ ನನಗೆ ಕೆಲಸ ಕೊಡಿಸಿದವರೂ ನೀವು, ಪ್ರಸನ್ನಪ್ಪ ಹಿರಿಯರ ಕೈಕಾಲು ಹಿಡಿದು. ಪ್ರತಿ ರಜೆಗೆ ಬಂದಾಗ ಇವತ್ತು ಹೇಳುತ್ತೇನೆ ಅಂದುಕೊಂಡು ನಿಮ್ಮ ಮನೆಯ ತನಕ ಬರುತ್ತಿದ್ದೆ. ನೀವು “ಬಾರವ್ವ ಟೀಚರಮ್ಮ” ಅಂತ ನಗುತ್ತಿದ್ದಿರಿ. ಚಹಾ ಕುಡಿದು ವಾಪಸ್ಸು ಬರುತ್ತಿದ್ದೆ. ಅಪ್ಪ ನಿಮಗಿಂತ ಮೊದಲೇ ಹೋದರು, ನಿಮ್ಮನ್ನು ಹೊಗಳುತ್ತಲೇ ಹೋದರು. ಅಲ್ಲಿ ಭೇಟಿಯಾದಾಗ ಅವರಿಗೆ ಯಾವ ಮುಖ ತೋರಿಸಿದಿರಿ ಅಂತ ಕೇಳುವ ಆಸೆ. ಕೇಳುವ ಹಕ್ಕು ನನಗೂ ಇಲ್ಲ.

ಹೋದ ತಿಂಗಳು ಪ್ರಸನ್ನಪ್ಪ ಹಿರಿಯರು ಶಾಲೆಗೇ ಬಂದರು. “ಟೀಚರ್, ನಿಮ್ಮ ಗುರುಗಳ ವರ್ಷದ ಆರಾಧನಿ. ಅಪೊಸ್ತಲರಿಂದ ನಾವು ಏನ ಕಲೀಬೇಕು, ಅವರ ಮೆಚ್ಚಿನ ವಿಷಯ. ನೀವ ಮಾತಾಡಬೇಕು. ಹೊಸಾ ಮೈಕ್ ತರಿಸೇವಿ” ಅಂದರು. ಆಗಲಿ ಅಂದೆ. ಚಂದದ ನಾಲ್ಕು ಮಾತು ಬರೆದೂ ಇಟ್ಟೆ. ಬರೆದದ್ದನ್ನು ಓದಿಕೊಂಡರೆ ಎಲ್ಲ ಸುಳ್ಳು. ಸುಳ್ಳು ಹೇಳಿದರೆ ಅವ್ವ ಇನ್ನೂ ಎಷ್ಟು ವರ್ಷ ಹಸಿದು ಸಾಯಬೇಕು? ಖರೆ ಹೇಳಿದರೆ, ಚರ್ಚಿನಲ್ಲಿ ಮುಂದಿನ ಚಾಪೆಯ ಮೇಲೆ ಕೂತಿರುವ ಅವಳ ಮುಖವನ್ನು ನಾನು ಹೇಗೆ ನೋಡಲಿ?

ಆರಾಧನೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಶಾಲೆಯಿಂದ ಬಂದವಳೇ ಅವ್ವನಿಗೆ ಹೇಳಿಬಿಟ್ಟೆ. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕಡುಬು, ತುಪ್ಪ, ನೀವು ತಲೆ ಬಗ್ಗಿಸಿದ್ದು, ಎಲ್ಲ ಹೇಳಿದೆ. ಮೊರ ಕೇರುವ ಕೈ ನಿಲ್ಲಲಿಲ್ಲ.

“ಆ ಬಾಳಿಹಣ್ಣ ಯಾರ ತಿಂದರು?” ಅಂದಳು.

“ಗೊತ್ತಿಲ್ಲ ಬೇ.”

ಆಮೇಲೆ ಜೋಳದಿಂದ ಒಂದು ಕಲ್ಲು ಆರಿಸಿ ಎಸೆದು, “ನಾ ಉಪಾಸ ಮಾಡಿದ್ದು ದೇವರಿಗೆ. ಅದು ಅಲ್ಲಿ ಮುಟ್ಟೇತಿ. ಅವರ ಕಡುಬು ಅವರಿಗೆ” ಅಂದಳು. ಬದುಕಿದೆ ಅಂದುಕೊಂಡೆ. ಆಗ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. “ಅವರು ಹೆದರಿ ಸುಳ್ಳ ಹೇಳಿದರು. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನಾ ಹೊಲದಾಗ ಬಿದ್ದಾಗರೆ ಹೇಳಬೇಕಿಲ್ಲೇನ?”

ನೀವಿದ್ದರೆ ಒಂದು ಕತೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದಿರಿ.

ಭಾನುವಾರ ಮೈಕಿನ ಮುಂದೆ ನಿಂತೆ. ಬರೆದ ಹಾಳೆ ತೆಗೆಯಲಿಲ್ಲ. ಅಪೊಸ್ತಲರು ದೇವದೂತರಾಗಿರಲಿಲ್ಲ, ಹೆದರುತ್ತಿದ್ದರು, ಅವರಿಂದ ಮೊದಲು ಕಲಿಯಬೇಕಾದದ್ದು ತಪ್ಪನ್ನು ತಪ್ಪು ಅನ್ನಿಸಿಕೊಂಡು ತಿದ್ದಿಕೊಳ್ಳುವುದನ್ನು ಅಂದೆ. ಅಂತಿಯೋಕ್ಯದ ಊಟದ ಕತೆ ಹೇಳಿದೆ. ಆಮೇಲೆ ನಮ್ಮ ಮನೆಯ ಊಟದ ಕತೆ ಹೇಳಿದೆ. “ನಮ್ಮ ಉಪದೇಶಿಗಳು ತಾಟು ಬಿಟ್ಟು ಎದ್ದರು. ಕಂಡ ನಾನು ಎಂಟು ವರ್ಷ ಬಾಯಿ ಬಿಡಲಿಲ್ಲ. ಇಬ್ಬರೂ ಹೆದರಿದ್ದು ಮನುಷ್ಯರಿಗೆ” ಅಂದೆ. ಪ್ರಸನ್ನಪ್ಪ ಹಿರಿಯರು ಎದ್ದರು. “ಟೀಚರ್, ಸತ್ತವರ ಮ್ಯಾಲೆ ಇಂಥಾ ಮಾತ ಶೋಭಾ ಅಲ್ಲ. ಕುಂದರ್ರಿ.”

“ಸತ್ತವರದು ಮುಗೀತ್ರಿ,” ಅಂದೆ. “ಈಗ ಜೀವಂತ ಇದ್ದವರಿಗೆ ಹೇಳ್ತೇನ್ರಿ. ಅವತ್ತ ಬಾಗಿಲಾಗ ನಿಂತವರು ನೀವು. ಒಳಗ ಬಂದು ಒಂದ ತುತ್ತ ಉಂಡಿದ್ರ ಅವರೂ ಉಣ್ತಿದ್ರು.”

ಹಿರಿಯರು ಹೊರಗೆ ನಡೆದರು. ಮೇಲಿನ ಓಣಿಯವರೆಲ್ಲ ಹಿಂದೆಯೇ ಹೋದರು. ಶಾಲೆಯ ಕಮಿಟಿಯಿಂದ ನೋಟೀಸು ಬಂದಿದೆ, ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಕ್ಷಮೆ ಕೇಳು ಅಂತ ನಾಲ್ಕು ಮಂದಿ ಬಂದು ಹೇಳಿಹೋದರು. ಕೇಳುವುದಿಲ್ಲ. ಈ ಒಂದು ಮಾತು ಕೊಡುತ್ತೇನೆ ನಿಮಗೆ. ನೀವು ಕೊಡಿಸಿದ ಕೆಲಸ, ಹೋದರೆ ಹೋಗಲಿ.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಆ ಭಾನುವಾರ ಚರ್ಚು ಬಿಟ್ಟ ಮೇಲೆ ನಿಮ್ಮ ಹೆಂಡತಿ, ನಮ್ಮ ಕಾಕು, ತಲೆ ತಗ್ಗಿಸಿ ಒಬ್ಬರೇ ಮನೆಗೆ ಹೋದರು. ಯಾರೂ ಅವರನ್ನು ಮಾತಾಡಿಸಲಿಲ್ಲ, ನಾನೂ ಸಹ. ಸಂಜೆ ಅವ್ವ ರೊಟ್ಟಿ, ಪಲ್ಯ ಕಟ್ಟಿಕೊಂಡು ನಿಮ್ಮ ಮನೆಗೆ ಹೋದಳು. ಎಂಟು ವರ್ಷದಲ್ಲಿ ಮೊದಲ ಸಲ ಮೊದಲ ಭಾನುವಾರ ಉಂಡಳು, ಕಾಕು ಜೊತೆ, ನಿಮ್ಮ ಫೋಟೋದ ಕೆಳಗೆ ಕೂತು. ಬಂದವಳು, “ಪಾಪ, ಅವರೂ ಹೆದರಿದ್ದರು” ಅಂದಳು. ನಿಮ್ಮನ್ನು ಅವಳು ಕ್ಷಮಿಸಿಬಿಟ್ಟಿದ್ದಾಳೆ ಕಾಕಾ. ನನಗೆ ಮಾತ್ರ ದಿನಾ ತಾಟು ತುಂಬ ಬಡಿಸುತ್ತಾಳೆ, ಎದ್ದು ಹೊರಗೆ ಹೋಗುತ್ತಾಳೆ. ಇವತ್ತಿಗೆ ಹನ್ನೊಂದು ದಿನ. ನನ್ನ ಜೊತೆ ಇನ್ನೂ ಊಟಕ್ಕೆ ಕೂತಿಲ್ಲ.